ಟ್ಯಾಗ್ ಕೀಳದ ಅನಾರ್ಕಲಿ

ಕಳೆದ ವರ್ಷ ತುಮಕೂರಿನಲ್ಲಿ ದೊಡ್ಡಮ್ಮನ ಮಗನ ಆರತಕ್ಷತೆ ಇತ್ತು. ಕಡುಹಸಿರು ಬಣ್ಣದ ಒಂದು ಅನಾರ್ಕಲಿ ಹಾಕ್ಕೊಂಡು ಹೋಗಿದ್ದೆ. ಬೆಲೆ ₹4,299. ಎಲ್ಲರೂ ಚೆನ್ನಾಗಿದೆ ಅಂದರು, ಫೋಟೋದಲ್ಲೂ ಚೆನ್ನಾಗಿಯೇ ಬಂದಿದೆ. ಫೋಟೋದಲ್ಲಿ ಕಾಣದೇ ಇರೋದು ಅಂದ್ರೆ ಬೆನ್ನಿನ ಒಳಗಡೆ ಇದ್ದ ಟ್ಯಾಗು. ಅದನ್ನ ಕಿತ್ತಿರಲಿಲ್ಲ. ಒಳಕ್ಕೆ ಮಡಚಿ, ಮೇಲೊಂದು ಟೇಪ್ ಅಂಟಿಸಿದ್ದೆ. ಸಂಜೆ ಆರರಿಂದ ರಾತ್ರಿ ಹತ್ತೂವರೆವರೆಗೂ ಅದು ಚುಚ್ಚುತ್ತಲೇ ಇತ್ತು.

ಊಟಕ್ಕೆ ಕೂತಾಗ ಸಾರು ಬೇಡ ಅಂದೆ. ಪಲ್ಯ, ಗೊಜ್ಜು ಯಾವುದೂ ಬೇಡ ಅಂದೆ. "ಏನೇ, ಡಯಟ್ಟಾ?" ಅಂತ ಅತ್ತೆ ಕೇಳಿದರು, ಹೂಂ ಅಂದೆ. ಕೈತೊಳೆಯೋ ಕಡೆ ತಂಗಿಯ ಎರಡು ವರ್ಷದ ಮಗು, ಕೈ ತುಂಬಾ ಜಾಮೂನಿನ ಪಾಕ ಮಾಡ್ಕೊಂಡು, "ಎತ್ಕೋ" ಅಂತ ಓಡಿ ಬಂತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಗು ಅಲ್ಲೇ ನಿಂತುಬಿಟ್ಟಿತು. ತಂಗಿ ನಕ್ಕು ಸುಮ್ಮನಾದಳು.

ಸೋಮವಾರ ಬೆಳಿಗ್ಗೆ ಬಟ್ಟೆ ವಾಪಸ್ ತಗೊಂಡು ಹೋಗೋಕೆ ಹುಡುಗ ಬಂದ. ಕವರಿನಿಂದ ತೆಗೆದ, ಟ್ಯಾಗ್ ನೋಡಿದ, ಫೋಟೋ ಹೊಡೆದ. "ಹಾಕಿಲ್ಲ ತಾನೇ ಮೇಡಂ?" ಅಂದ. "ಇಲ್ಲಪ್ಪಾ, ಸೈಜ್ ಸರಿಯಾಗಲಿಲ್ಲ" ಅಂದೆ. ತೋಳಿನ ಅಂಚಿನಲ್ಲಿ ಸಣ್ಣದೊಂದು ಕುಂಕುಮದ ಕಲೆ ಇತ್ತು, ನಾನೇ ನೋಡಿರಲಿಲ್ಲ. ಅವನು ನೋಡಿದ. ಉಗುರಿನಿಂದ ಕೆರೆದ. ನನ್ನ ಮುಖ ನೋಡಿದ. "ಗೋಡೌನಲ್ಲಿ ರಿಜೆಕ್ಟ್ ಆದ್ರೆ ನಮ್ಮನ್ನೇ ಕೇಳ್ತಾರೆ ಮೇಡಂ" ಅಂದ. ಆಮೇಲೆ ಅವನೇ, "ಇರ್ಲಿ ಬಿಡಿ" ಅಂತ ಬ್ಯಾಗಿಗೆ ತುಂಬಿಕೊಂಡು ಹೋದ. ಮೂರನೇ ದಿನಕ್ಕೆ ₹4,299 ಖಾತೆಗೆ ಬಂತು.

ಇದಕ್ಕೆ ಇಂಗ್ಲಿಷಿನಲ್ಲಿ ವಾರ್ಡ್‌ರೋಬಿಂಗ್ ಅನ್ನುವ ಹೆಸರಿದೆ. ಅಂಗಡಿಯನ್ನೇ ನಮ್ಮ ಮನೆಯ ಬೀರು ಮಾಡಿಕೊಳ್ಳೋದು ಅಂತ ಅರ್ಥ. ನಮ್ಮ ಆಫೀಸಿನಲ್ಲಿ ಇದಕ್ಕೆ ಹೆಸರೇ ಬೇಕಿಲ್ಲ. ಎಥ್ನಿಕ್ ಡೇ ಹಿಂದಿನ ವಾರ ಪಾರ್ಸೆಲ್‌ಗಳು ಬರುತ್ತವೆ, ಮುಂದಿನ ವಾರ ಹೋಗುತ್ತವೆ. ಬ್ರಿಟನ್ನಿನಲ್ಲಿ 2018ರಲ್ಲಿ ಬಾರ್ಕ್ಲೇಕಾರ್ಡ್ ಮಾಡಿಸಿದ ಸಮೀಕ್ಷೆಯೊಂದರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು, ಸೋಶಿಯಲ್ ಮೀಡಿಯಾಗೆ ಒಂದು ಫೋಟೋ ಹಾಕೋಕೆ ಬಟ್ಟೆ ಕೊಂಡು ವಾಪಸ್ ಮಾಡಿದ್ದೀವಿ ಅಂತ ಒಪ್ಪಿಕೊಂಡಿದ್ದರು. ಹಾಗಾಗಿ ಇದು ನಮ್ಮ ಬೆಂಗಳೂರಿನ ಸಂಶೋಧನೆ ಏನಲ್ಲ. ಆದರೆ ಇದನ್ನ ಸಮರ್ಥಿಸಿಕೊಳ್ಳೋಕೆ ನಾವು ಹೇಳೋ ಮಾತುಗಳಿವೆಯಲ್ಲ, ನಾನೂ ನನಗೆ ಹೇಳಿಕೊಂಡ ಮಾತುಗಳು, ಅವನ್ನ ಒಂದೊಂದಾಗಿ ತೆಗೆದು ನೋಡಬೇಕು ಅನ್ನಿಸಿದೆ.

ಮೊದಲನೇ ಮಾತು: "ಪ್ರಶ್ನೆ ಕೇಳಲ್ಲ ಅಂತ ಅವರೇ ಹೇಳಿದ್ದಾರಲ್ಲ."

ಹೇಳಿದ್ದಾರೆ, ನಿಜ. ಆದರೆ ಯಾಕೆ ಹೇಳಿದ್ದಾರೆ? ನಮ್ಮ ಅಪ್ಪ ಅಮ್ಮ ಬಟ್ಟೆ ತಗೊಳ್ತಿದ್ದ ಚಿಕ್ಕಪೇಟೆಯ ಅಂಗಡಿಗಳಲ್ಲಿ ಲಕ್ಷ್ಮಿ ಫೋಟೋ ಪಕ್ಕದಲ್ಲೇ ಒಂದು ಬೋರ್ಡ್ ಇರುತ್ತಿತ್ತು, "ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ. ಅಲ್ಲಿ ಅದು ನಡೀತಿತ್ತು. ಯಾಕಂದ್ರೆ ಅಮ್ಮ ಇಪ್ಪತ್ತು ಸೀರೆ ಬಿಡಿಸಿಸಿ, ಸೆರಗು ಬೆಳಕಿಗೆ ಹಿಡಿದು, ಬಟ್ಟೆ ಕೈಯಲ್ಲಿ ತಿಕ್ಕಿ ನೋಡಿ ಆಮೇಲೆ ದುಡ್ಡು ಕೊಡ್ತಿದ್ದರು. ಮೊಬೈಲಿನಲ್ಲಿ ಬಟ್ಟೆ ತಿಕ್ಕಿ ನೋಡೋಕಾಗಲ್ಲ. ಒಂದು ಕಂಪನಿಯ ಎಂ ಸೈಜು ಇನ್ನೊಂದು ಕಂಪನಿಯ ಎಸ್. ಅದಕ್ಕೇ ವಾಪಸ್ ಮಾಡೋ ಸೌಲಭ್ಯ ಬಂತು. ಅಂಗಡಿಯ ಟ್ರಯಲ್ ರೂಮನ್ನ ನಮ್ಮ ಮನೆಗೆ ತಂದುಕೊಟ್ಟರು ಅನ್ನಿ. ಟ್ರಯಲ್ ರೂಮಿನಿಂದ ಬಟ್ಟೆ ಹಾಕಿಕೊಂಡೇ ಮದುವೆ ಮನೆಗೆ ಹೋಗಿ ಬಂದರೆ ಅದನ್ನ ಟ್ರಯಲ್ ಅಂತೀವಾ?

ಇಲ್ಲೊಂದು ಸೂಕ್ಷ್ಮ ಇದೆ. ಬಟ್ಟೆ ಹರಿದಿದ್ದರೆ, ಬಣ್ಣ ಬಿಟ್ಟರೆ, ತೋರಿಸಿದ್ದು ಒಂದು ಕಳಿಸಿದ್ದು ಒಂದು ಆದರೆ, ವಾಪಸ್ ಕೊಡೋದು ನಮ್ಮ ಹಕ್ಕು. ದೋಷ ಇರೋ ಸರಕನ್ನ ಬಿಲ್ಲಿನಲ್ಲಿ ಹೇಳಿರೋ ಅವಧಿಯೊಳಗೆ, ಅವಧಿ ಹೇಳದೇ ಇದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳೋಕೆ ನಿರಾಕರಿಸೋದನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಕರೆಯುತ್ತದೆ. ಆ ಹಕ್ಕಿಗಾಗಿ ಜಗಳ ಆಡಬೇಕಾದರೆ ಆಡೋಣ, ನಾನೂ ಬರ್ತೀನಿ. ಆದರೆ ಮನಸ್ಸು ಬದಲಾಯಿತು ಅಂತ ವಾಪಸ್ ಕೊಡೋದು ಅಂಗಡಿಯವರು ನಮ್ಮ ಮಾತಿನ ಮೇಲೆ ಇಟ್ಟಿರೋ ನಂಬಿಕೆ. ಎರಡಕ್ಕೂ ಆಪಿನಲ್ಲಿ ಇರೋದು ಒಂದೇ ಬಟನ್ ಅನ್ನೋ ಕಾರಣಕ್ಕೆ ಎರಡೂ ಒಂದೇ ಆಗಲ್ಲ.

ಎರಡನೇ ಮಾತು: "ಅಷ್ಟು ದೊಡ್ಡ ಕಂಪನಿ, ನನ್ನ ಒಂದು ಡ್ರೆಸ್ಸಿಂದ ಏನಾಗುತ್ತೆ?"

ರಾಜ ಕೊಳ ತುಂಬಿಸೋಕೆ ಮನೆಗೊಂದು ಚೊಂಬು ಹಾಲು ತರೋಕೆ ಹೇಳಿದ ಕಥೆ ನಮಗೆಲ್ಲ ಗೊತ್ತು. ನನ್ನದೊಂದು ಚೊಂಬು ನೀರು ಯಾರಿಗೆ ಗೊತ್ತಾಗುತ್ತೆ ಅಂತ ಊರಿಗೆ ಊರೇ ಅಂದುಕೊಂಡಿತು. ಬಟ್ಟೆ ವ್ಯಾಪಾರದಲ್ಲಿ ಈ ಕಥೆ ನಿಜವಾಗಿಯೂ ನಡೆದಿದೆ. ಅಮೆರಿಕದ ಮೇನ್ ರಾಜ್ಯದಲ್ಲಿ 1912ರಲ್ಲಿ ಎಲ್.ಎಲ್.ಬೀನ್ ಅನ್ನುವವನು ಬೇಟೆಗಾರರಿಗಾಗಿ ಬೂಟು ಮಾಡಿ ಮಾರೋಕೆ ಶುರು ಮಾಡಿದ. ಮೊದಲ 100 ಜೊತೆಯಲ್ಲಿ 90 ಕಿತ್ತುಹೋಗಿ ವಾಪಸ್ ಬಂದವು. ಅವನು ಅಷ್ಟಕ್ಕೂ ದುಡ್ಡು ವಾಪಸ್ ಕೊಟ್ಟು, ಬೂಟು ಸರಿಮಾಡಿ ಮತ್ತೆ ಮಾರಿದ. ಆ ಹೆಸರಿನ ಮೇಲೇ ಕಂಪನಿ ಬೆಳೆಯಿತು, ಎಷ್ಟು ವರ್ಷ ಆದಮೇಲೂ ವಾಪಸ್ ತಗೊಳ್ತೀವಿ ಅನ್ನೋದು ಅವರ ಗುರುತೇ ಆಯಿತು. ಜನ ಹತ್ತಾರು ವರ್ಷ ಸವೆಸಿದ್ದನ್ನ, ಯಾರದೋ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಕೊಂಡಿದ್ದನ್ನ ತಂದು ದುಡ್ಡು ಕೇಳೋಕೆ ಶುರು ಮಾಡಿದರು. 2018ರ ಫೆಬ್ರವರಿಯಲ್ಲಿ ಕಂಪನಿ ಅದನ್ನ ಒಂದು ವರ್ಷಕ್ಕೆ ಇಳಿಸಿತು. ನ್ಯೂಯಾರ್ಕಿನ ಬ್ಲೂಮಿಂಗ್‌ಡೇಲ್ಸ್ 2013ರಲ್ಲಿ ದುಬಾರಿ ಬಟ್ಟೆಗಳಿಗೆ ಎದ್ದು ಕಾಣೋ ಜಾಗದಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಟ್ಯಾಗ್ ಹಾಕೋಕೆ ಶುರು ಮಾಡಿತು. ಕಿತ್ತರೆ ಮತ್ತೆ ಹಾಕೋಕಾಗಲ್ಲ, ಅದಿಲ್ಲದೆ ವಾಪಸ್ ಕೊಡೋಕಾಗಲ್ಲ. 2019ರಲ್ಲಿ ಬ್ರಿಟನ್ನಿನ ಏಸಾಸ್, ಅನುಮಾನ ಬಂದ ಗ್ರಾಹಕರ ಖಾತೆಯನ್ನೇ ನಿಲ್ಲಿಸ್ತೀವಿ ಅಂತ ಹೇಳಿತು.

ದೊಡ್ಡ ಕಂಪನಿಗೆ ಏನೂ ಆಗಲ್ಲ ಅನ್ನೋದು ಒಂದರ್ಥದಲ್ಲಿ ಸರಿ. ಅದು ನಿಯಮ ಬಿಗಿ ಮಾಡ್ಕೊಂಡು ಆರಾಮಾಗಿ ಇರುತ್ತೆ. ಕಷ್ಟ ಆಗೋದು ಆಮೇಲೆ ಬರೋ ಪ್ರಾಮಾಣಿಕ ಗ್ರಾಹಕನಿಗೆ. ಹೊಲಿಗೆ ಬಿಟ್ಟಿದೆ ಅಂತ ನಿಜ ಹೇಳಿದರೂ ಅವನು ಹತ್ತು ಫೋಟೋ ಕಳಿಸಿ ಸಾಬೀತು ಮಾಡಬೇಕು.

ಮೂರನೇ ಮಾತು ಬುದ್ಧಿವಂತರದ್ದು: "ಅವರೇನು ಸಾಚಾನಾ?"

ಇದಕ್ಕೆ ಉತ್ತರ ಕೊಡೋದು ಕಷ್ಟ, ಯಾಕಂದ್ರೆ ಪ್ರಶ್ನೆಯಲ್ಲಿ ನ್ಯಾಯ ಇದೆ. 2013ರ ಏಪ್ರಿಲ್‌ನಲ್ಲಿ ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹೊಲಿಯುತ್ತಿದ್ದದ್ದು ಜಗತ್ತಿನ ದೊಡ್ಡ ದೊಡ್ಡ ಬ್ರ್ಯಾಂಡುಗಳ ಬಟ್ಟೆ. ಅಷ್ಟು ದೂರ ಯಾಕೆ, 2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡು ತೆಗೆಯೋ ನಿಯಮ ಬದಲಾಯಿಸಿದ್ದಕ್ಕೆ ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗೆ ಇಳಿದಿದ್ದರು. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಳ್ತು. ಅವತ್ತು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಬೈದುಕೊಂಡವರಲ್ಲಿ ನಾನೂ ಒಬ್ಬಳು.

ಆದ್ದರಿಂದ ಕಂಪನಿಗಳು ಸಾಚಾ ಅಂತ ನಾನು ಹೇಳ್ತಿಲ್ಲ. ಕೇಳೋದಿಷ್ಟೇ: ನನಗೆ ವಾಪಸ್ ಬಂದ ₹4,299ರಲ್ಲಿ ಪೀಣ್ಯದ ಹೊಲಿಗೆ ಮೆಷಿನ್ ಮುಂದೆ ಕೂತಿರೋ ಹೆಂಗಸಿಗೆ ಎಷ್ಟು ಹೋಯಿತು? ಒಂದು ರೂಪಾಯಿಯೂ ಇಲ್ಲ. ಅಷ್ಟೂ ನನ್ನ ಖಾತೆಗೇ ಬಂತು. ಅವಳಿಗಾದ ಅನ್ಯಾಯದ ಹೆಸರು ಹೇಳಿ ನಾನು ಲಾಭ ಮಾಡಿಕೊಂಡರೆ ಅದನ್ನ ಪ್ರತಿಭಟನೆ ಅಂತ ಕರೆಯೋಕಾಗಲ್ಲ. ಅವಳ ಸಿಟ್ಟನ್ನೂ ಎರವಲು ತಂದು ಹಾಕಿಕೊಂಡೆ, ಅಷ್ಟೇ.

ಎರವಲು ಅನ್ನೋ ಪದ ಬಂತು ನೋಡಿ. ನನ್ನ ತಕರಾರು ಇರೋದು ಅಲ್ಲೇ.

ಒಂದು ದಿನದ ಮಟ್ಟಿಗೆ ನಮ್ಮದಲ್ಲದ ಬಟ್ಟೆ ಹಾಕೋದು ನಮಗೆ ಹೊಸದಲ್ಲ. ಅಮ್ಮನ ಮೈಸೂರು ಸಿಲ್ಕ್ ಸೀರೆಯೊಂದು ನಮ್ಮ ಬೀದಿಯ ಅರ್ಧ ಹೆಂಗಸರ ಮೈಮೇಲೆ ಹೋಗಿ ಬಂದಿದೆ. ಯಾರದೋ ಮನೆ ಗೃಹಪ್ರವೇಶ, ಯಾರಿಗೋ ಹುಡುಗನ ಕಡೆಯವರು ನೋಡೋಕೆ ಬರ್ತಿದ್ದಾರೆ, "ಒಂದಿನ ಕೊಡ್ತೀರಾ ಅಕ್ಕಾ?" ವಾಪಸ್ ಬರುವಾಗ ನೀಟಾಗಿ ಮಡಚಿ, ಮೇಲೊಂದು ಮೊಳ ಮಲ್ಲಿಗೆ ಇಟ್ಟು, ಕಲೆ ಆಗಿದ್ದರೆ ಎಲ್ಲಿ ಆಗಿದೆ ಅಂತ ತೋರಿಸಿ ಕೊಡ್ತಿದ್ದರು. ಇನ್ನೊಂದು ದಾರಿ ಬಾಡಿಗೆ. ಶಾಲೆಯ ವಾರ್ಷಿಕೋತ್ಸವಕ್ಕೆ ಒನಕೆ ಓಬವ್ವನ ವೇಷ, ಭರತನಾಟ್ಯದ ಡ್ರೆಸ್ಸು ಬಾಡಿಗೆಗೆ ತರದವರು ಯಾರಿದ್ದೀವಿ? ಈಗಲೂ ಮದುಮಗನ ಶೇರ್ವಾನಿ, ಮದುಮಗಳ ಲೆಹಂಗಾ ಬಾಡಿಗೆಗೆ ಸಿಗುತ್ತವೆ.

ಎರವಲು ತರಬೇಕಾದರೆ ಒಬ್ಬರ ಬಾಗಿಲಿಗೆ ಹೋಗಿ ಬಾಯಿಬಿಟ್ಟು ಕೇಳಬೇಕು. ಬಾಡಿಗೆಗೆ ತರಬೇಕಾದರೆ ದುಡ್ಡು ಕೊಡಬೇಕು. ಎರಡರಲ್ಲೂ "ಇದು ನನ್ನದಲ್ಲ" ಅಂತ ಕನಿಷ್ಠ ಒಬ್ಬರ ಹತ್ತಿರ ಒಪ್ಪಿಕೊಂಡ ಹಾಗಾಯಿತು. ನಾನು ಮಾಡಿದ್ದರಲ್ಲಿ ಕೇಳೋದೂ ಇಲ್ಲ, ಕೊಡೋದೂ ಇಲ್ಲ, ಒಪ್ಪಿಕೊಳ್ಳೋದೂ ಇಲ್ಲ. ಯಾರ ಎದುರೂ ಸಣ್ಣವಳಾಗದೆ ದೊಡ್ಡದಾಗಿ ಕಾಣಬಹುದು. ನನ್ನ ಸಂಬಳಕ್ಕೆ ₹4,299 ಅಸಾಧ್ಯವೇನಲ್ಲ. ಬೀರುವಿನಲ್ಲಿ ಬೇರೆ ಅನಾರ್ಕಲಿ ಇರಲಿಲ್ಲ ಅಂತಲೂ ಅಲ್ಲ. ಇದ್ದದ್ದು ಈಗಾಗಲೇ ಮೂರು ಫೋಟೋದಲ್ಲಿ ಬಂದಿತ್ತು, ಅಷ್ಟೇ. ಹಾಕಿದ್ದನ್ನೇ ಮತ್ತೆ ಹಾಕಿದರೆ ಅವಮಾನ ಅಂತ ನಮಗೆ ಯಾರು ಹೇಳಿಕೊಟ್ಟರು? ಎಥ್ನಿಕ್ ಡೇ ದಿನ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ "ಇದು ಹೋದ ಸಲದ್ದೇ ಅಲ್ವಾ?" ಅಂತ ನಗ್ತಾ ಕೇಳೋರು ನಾವೇ. ಅವಳ ಸಂಬಳ ಎಷ್ಟು ಅಂತಲೂ ನಮಗೆ ಗೊತ್ತಿರುತ್ತೆ. ಅವಳು ಮುಂದಿನ ಸಲ ಟ್ಯಾಗ್ ಕೀಳದೆ ಬಂದರೆ ತಪ್ಪು ಅವಳೊಬ್ಬಳದ್ದೇ ಅಂತ ನಾನು ಹೇಳಲಾರೆ.

ಈಗ ಇದನ್ನೆಲ್ಲ ಯಾಕೆ ಬರೆಯೋಕೆ ಕೂತೆ ಅಂತ ಹೇಳಿಬಿಡ್ತೀನಿ. ಆರತಕ್ಷತೆ ಆಗಿ ಎರಡು ವಾರಕ್ಕೆ ದೊಡ್ಡಮ್ಮನ ಮಗಳು ಫೋನ್ ಮಾಡಿದಳು, ಮದುಮಗನ ಅಕ್ಕ. ತುಮಕೂರಿನ ಮನೆಯಿಂದಲೇ ಆನ್‌ಲೈನ್‌ನಲ್ಲಿ ಕುರ್ತಾ ಮಾರ್ತಾಳೆ. ರೂಮಿನ ತುಂಬಾ ಕವರು, ತೂಕದ ಮೆಷಿನ್ನು. ಅವತ್ತು ಬೇಜಾರಲ್ಲಿದ್ದಳು. ವಾಪಸ್ ಬಂದ ಒಂದು ಕುರ್ತಾದಲ್ಲಿ ಸೆಂಟಿನ ವಾಸನೆ, ಜೇಬಲ್ಲಿ ಹೋಟೆಲ್ ಬಿಲ್ಲು. "ಹೋಗೋ ಕೊರಿಯರ್ ದುಡ್ಡೂ ನಂದು, ಬರೋ ಕೊರಿಯರ್ ದುಡ್ಡೂ ನಂದು ಕಣೇ. ಬಟ್ಟೆ ಅಂತೂ ಹೊಸದು ಅಂತ ಮಾರೋಕಾಗಲ್ಲ. ಒಂದು ಹೋದ್ರೆ ಐದು ಮಾರಿದ ಲಾಭ ಹೋಯ್ತು" ಅಂದಳು. ನಾನು ಛೆ ಅಂದೆ. ಇನ್ನೇನು ಅನ್ನಲಿ?

ಆಮೇಲೆ ಅವಳು, "ಅದಿರ್ಲಿ, ಮುಂದಿನ ತಿಂಗಳು ನಾದಿನಿ ಮಗೂದು ನಾಮಕರಣ. ಆ ಹಸಿರು ಅನಾರ್ಕಲಿ ಒಂದಿನ ಕೊಡ್ತೀಯಾ? ಒಗೆಸಿ ಕಳಿಸ್ತೀನಿ" ಅಂದಳು.

ಎಷ್ಟು ಸಲೀಸಾಗಿ ಕೇಳಿದಳು! ಡ್ರೈಕ್ಲೀನಿಂಗ್‌ಗೆ ಕೊಟ್ಟಿದ್ದೀನಿ, ಹರಿದುಹೋಯಿತು, ಏನು ಬೇಕಾದರೂ ಹೇಳಬಹುದಿತ್ತು. "ವಾಪಸ್ ಮಾಡಿಬಿಟ್ಟೆ ಅಕ್ಕಾ" ಅಂದೆ.

"ಯಾಕೆ, ಸೈಜ್... ಅವತ್ತು ಹಾಕಿದ್ಯಲ್ಲಾ?"

ನಾನು ಮಾತಾಡಲಿಲ್ಲ. ಆ ಕಡೆಯಿಂದ ಪಾರ್ಸೆಲ್‌ಗೆ ಟೇಪ್ ಎಳೆಯೋ ಸದ್ದು ಬರ್ತಿತ್ತು, ಅದು ನಿಂತಿತು.

"ಓ... ನೀನೂನಾ?" ಅಂದಳು. ಬೈಯಲಿಲ್ಲ. ಬೇರೆ ಮಾತಾಡಿ ಫೋನ್ ಇಟ್ಟಳು.

ಅದಾದ ಮೇಲೆ ನಾನೇನು ಬಟ್ಟೆ ವಾಪಸ್ ಮಾಡೋದನ್ನ ನಿಲ್ಲಿಸಿಲ್ಲ. ಮನೆಯಲ್ಲಿ ಹಾಕಿ ನೋಡ್ತೀನಿ, ಸರಿ ಇಲ್ಲದಿದ್ದರೆ ಅದೇ ದಿನ ಕಳಿಸ್ತೀನಿ. ಹಾಕ್ಕೊಂಡು ಹೊಸಿಲು ದಾಟಬೇಕು ಅನ್ನಿಸಿದರೆ ಮೊದಲು ಕತ್ತರಿ ತಗೊಂಡು ಟ್ಯಾಗ್ ಕತ್ತರಿಸ್ತೀನಿ. ನಾಮಕರಣಕ್ಕೆ ನನ್ನ ಹತ್ತಿರ ಇದ್ದ ಹಳೇ ಅನಾರ್ಕಲಿಯನ್ನೇ, ಮೂರು ಫೋಟೋದಲ್ಲಿ ಬಂದಿದ್ದನ್ನೇ, ಇಸ್ತ್ರಿ ಮಾಡಿಸಿ ತುಮಕೂರಿಗೆ ಕಳಿಸಿದೆ. ವಾಪಸ್ ಬಂದಾಗ ಎದೆಯ ಹತ್ತಿರ ಒಂದು ಎಣ್ಣೆ ಕಲೆ ಇತ್ತು, ಜೊತೆಗೆ ಒಂದು ಡಬ್ಬಿ ಚಕ್ಕುಲಿ. "ಮಗು ಎತ್ಕೊಂಡಿದ್ದೆ, ಕಲೆ ಆಯ್ತು, ಸಾರಿ ಕಣೇ" ಅಂತ ಮೆಸೇಜು.

ಕಲೆ ಹಾಗೇ ಇದೆ. ಹೋದ ತಿಂಗಳು ಎಥ್ನಿಕ್ ಡೇಗೆ ಅದನ್ನೇ ಹಾಕ್ಕೊಂಡು ಹೋಗಿದ್ದೆ.