ದಾಖಲೆಯೋ, ಸಾಕ್ಷಿಯೋ? ಆಂಟನ್ ಬಾಯ್ಸನ್ ಅವರ ಗ್ರಂಥದ ವಿಮರ್ಶೆ

ಮಾನಸಿಕ ಅಸ್ವಾಸ್ಥ್ಯವನ್ನು ಅನುಭವಿಸಿದವರು ಆ ಕುರಿತ ಸಂಶೋಧನೆಗೆ ದಿಕ್ಕು ತೋರಬೇಕೆಂಬ ಮಾತು ಇಂದು ಪ್ರಬಲವಾಗಿದೆ. ಪಾಲನಾ ದೈವಶಾಸ್ತ್ರದಲ್ಲಿ ಇದಕ್ಕೆ ಹಳೆಯದೊಂದು ಪೂರ್ವನಿದರ್ಶನವಿದೆ: ಅಮೆರಿಕದ ಆಂಟನ್ ಬಾಯ್ಸನ್ (1876–1965) ಅವರು 1936ರಲ್ಲಿ ಪ್ರಕಟಿಸಿದ ‘ದಿ ಎಕ್ಸ್‌ಪ್ಲೊರೇಷನ್ ಆಫ್ ದಿ ಇನ್ನರ್ ವರ್ಲ್ಡ್’.

ಬಾಯ್ಸನ್ 1920ರಲ್ಲಿ ತೀವ್ರ ಚಿತ್ತವಿಕಾರಕ್ಕೆ ಒಳಗಾಗಿ ಒಂದು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿದ್ದರು. 1924ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯ ಚಾಪ್ಲೆನ್ ಆದರು. ಮರುವರ್ಷವೇ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಅಲ್ಲಿಗೆ ತರಬೇತಿಗೆ ಕರೆತಂದರು. ಪುಸ್ತಕಗಳನ್ನಷ್ಟೇ ಅಲ್ಲ, ‘ಜೀವಂತ ಮಾನವ ದಾಖಲೆ’ಗಳನ್ನೂ ಓದಬೇಕೆಂಬುದು ಅವರ ಬೋಧನೆ.

ಗ್ರಂಥದ ವಾದ ಹೀಗಿದೆ: ಜ್ವರವು ದೇಹದ ಪ್ರತಿರೋಧದ ಗುರುತಾಗಿರುವಂತೆ, ಕೆಲವು ತೀವ್ರ ಮನೋವಿಪ್ಲವಗಳು ಒಡೆದ ಬಾಳನ್ನು ಮತ್ತೆ ಕಟ್ಟಿಕೊಳ್ಳಲು ಆತ್ಮವು ನಡೆಸುವ ಪ್ರಯತ್ನಗಳು. ಪೌಲ, ಜಾರ್ಜ್ ಫಾಕ್ಸ್ ಮೊದಲಾದವರ ಅನುಭವಗಳ ಪಕ್ಕದಲ್ಲಿ 173 ರೋಗಿಗಳ ವೃತ್ತಾಂತಗಳನ್ನಿಟ್ಟು ಅವರು ಇದನ್ನು ಪರೀಕ್ಷಿಸುತ್ತಾರೆ. ತಮ್ಮ ರೋಗವನ್ನು ಮರೆಮಾಡದೆ ವಿಚಾರಣೆಗೆ ಒಡ್ಡಿಕೊಂಡ ಪ್ರಾಮಾಣಿಕತೆಯೇ ಈ ಗ್ರಂಥದ ಬಲ. ವೈದ್ಯರು ಅರ್ಥಹೀನವೆಂದು ಬದಿಗಿರಿಸಬಹುದಾದ ಮಾತಿನಲ್ಲಿ ಅರ್ಥವನ್ನು ಅರಸುವ ತಾಳ್ಮೆ ಅವರಿಗೆ ಬಂದದ್ದು ಆ ಮಾತುಗಳನ್ನು ತಾವೇ ಆಡಿದ್ದರಿಂದ.

ಆದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು, ವಿಪ್ಲವದ ಧಾರ್ಮಿಕ ಬೆಲೆಯನ್ನು ಬಾಯ್ಸನ್ ಬಹುಮಟ್ಟಿಗೆ ಅದರ ಫಲದಿಂದ ಅಳೆಯುತ್ತಾರೆ. ಹಾಗಾದರೆ ಕೊನೆಯವರೆಗೂ ಗುಣವಾಗದವರ ವೇದನೆಗೆ ಅರ್ಥವಿಲ್ಲವೇ? ಪುನರುತ್ಥಾನದ ನಿರೀಕ್ಷೆಯನ್ನು ಕೈಬಿಡದೆಯೇ ಶಿಲುಬೆಯ ದೈವಶಾಸ್ತ್ರವು ಈ ಅಳತೆಗೋಲನ್ನು ಪ್ರಶ್ನಿಸಬೇಕು; ಗುಣವಾಗದ ಗಾಯದ ಬಳಿಯೂ ದೇವರು ಇದ್ದಾನೆ.

ಎರಡನೆಯದು ‘ದಾಖಲೆ’ ಎಂಬ ರೂಪಕದ್ದೇ. ದಾಖಲೆಯನ್ನು ಓದುವವರು ಬೇರೆಯವರು. ಅದು ತನ್ನ ಓದುಗನನ್ನು ತಿದ್ದಲಾರದು. ಬಾಯ್ಸನ್ ತಮ್ಮ ದಾಖಲೆಯನ್ನು ತಾವೇ ಓದಿದರು. ವಾರ್ಡಿನ ಉಳಿದವರಿಗೆ ಆ ಅಧಿಕಾರ ದೊರೆಯಲಿಲ್ಲ. ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಗೆರಸೇನರ ಸೀಮೆಯ ಮನುಷ್ಯನ ಹೆಸರನ್ನು ಕೇಳುತ್ತಾನೆ. ಬಳಿಕ ಅವನನ್ನು ತನ್ನ ಜನರ ಬಳಿಗೆ ಸಾಕ್ಷಿಯಾಗಿ ಕಳುಹಿಸುತ್ತಾನೆ. ನಡೆದುದನ್ನು ಹೇಳುವ ಹೊಣೆ ಅವನಿಗೇ ಸೇರುತ್ತದೆ.

ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಕೇಂದ್ರ ಹಾಗೂ ರಾಜ್ಯ ಪ್ರಾಧಿಕಾರಗಳಲ್ಲಿ ಇಂಥ ಅನುಭವವುಳ್ಳವರ ಪ್ರತಿನಿಧಿಗಳಿಗೆ ಸ್ಥಾನ ನೀಡಿದೆ. ಅವರಿಗಾಗಿ ಪ್ರಾರ್ಥಿಸುವ ಸಭೆಯು ತನ್ನ ಆಲೋಚನಾ ಮಂಡಳಿಗಳಲ್ಲಿ ಅವರ ಮಾತಿಗೆ ಎಷ್ಟು ಸ್ಥಾನ ಕೊಟ್ಟಿದೆ? ಬಾಯ್ಸನ್ ಆರಂಭಿಸಿದ ಕೆಲಸದ ಉಳಿದ ಭಾಗ ಈ ಪ್ರಶ್ನೆಯಲ್ಲಿದೆ.