ಸುದ್ದಿಯ ದಿನ, ಮನೆಯ ದಿನ: ಗಡಿನಾಡಿನ ಕಥನವನ್ನು ಕುರಿತು

ಗಡಿನಾಡಿನ ನಮ್ಮ ಬರವಣಿಗೆಯಲ್ಲಿ ಕೆಲವು ದಿನಾಂಕಗಳು ಮತ್ತೆ ಮತ್ತೆ ಬರುತ್ತವೆ. 1956ರ ನವೆಂಬರ್ 1 ಅವುಗಳಲ್ಲಿ ಮೊದಲನೆಯದು. ಅಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿ ಇನ್ನೊಂದು. ಸ್ಮರಣ ಸಂಚಿಕೆಗಳನ್ನು ತಿರುವಿದರೆ ಇವುಗಳ ಕುರಿತ ಕವಿತೆಗಳಿಗೂ ಲೇಖನಗಳಿಗೂ ಕೊರತೆಯಿಲ್ಲ. ಆದರೆ ಅಂದು ಬೆಳಿಗ್ಗೆ ನಮ್ಮ ಹಿರಿಯರ ಮನೆಗಳಲ್ಲಿ ಏನು ನಡೆಯಿತು, ಅಂಗಡಿಗೆ ಹೋದವರು ಯಾವ ಮಾತು ಕೇಳಿ ಮರಳಿದರು, ಮಗುವಿನ ಪಾಟಿಯ ಮೇಲೆ ಯಾವ ಅಕ್ಷರವಿತ್ತು ಎಂಬುದನ್ನು ಬರೆದವರು ವಿರಳ. ಸುದ್ದಿ ಉಳಿದಿದೆ, ಮನೆ ಕಾಣೆಯಾಗಿದೆ. ಇದು ನಮ್ಮ ಸಾಹಿತ್ಯದ ಒಂದು ಕೊರತೆಯೆಂದೇ ನನ್ನ ಭಾವನೆ.

ಒಂದು ದಿನವನ್ನೇ ಹಿಡಿದು ಕಾವ್ಯ ಕಟ್ಟುವ ಕಲೆ ಈ ನೆಲಕ್ಕೆ ಹೊಸತಲ್ಲ. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ದಲ್ಲಿ ಯೇಸುವಿನ, ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನು ಕನ್ನಡಕ್ಕೆ ತಂದರು. ಅವು ಮಹಾದಿನಗಳು, ಲೋಕದ ನೆನಪು ಅವುಗಳಿಗೆ ಮೊದಲೇ ಬೆಲೆ ಕಟ್ಟಿದೆ. ಸಾಮಾನ್ಯ ಮನೆಯ ಸಾಮಾನ್ಯ ದಿನಕ್ಕೆ ಅಂಥ ಬೆಂಬಲವಿಲ್ಲ. ಅದರ ಅರ್ಥವನ್ನು ಬರಹಗಾರನೇ ಹುಡುಕಿ ತೋರಿಸಬೇಕು.

ನಿರಂಜನರ ‘ಚಿರಸ್ಮರಣೆ’ ಈ ಕೆಲಸವನ್ನು ಮಾಡಿತು. 1941ರಲ್ಲಿ ಕಯ್ಯೂರಿನಲ್ಲಿ ನಡೆದ ರೈತ ಹೋರಾಟ, 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ನಾಲ್ವರಿಗಾದ ಗಲ್ಲು, ಇವು ಆ ಕಾಲದ ದೊಡ್ಡ ಸುದ್ದಿಗಳು. ಕಾದಂಬರಿಕಾರರು ಆರಂಭಿಸುವುದು ಮಾತ್ರ ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರ ಬಾಲ್ಯದಿಂದ. ಅವರ ಮನೆ, ಶಾಲೆ, ಮೇಷ್ಟರನ್ನು ಮೊದಲು ಪರಿಚಯಿಸಿಕೊಂಡ ಓದುಗನಿಗೆ ಕೊನೆಯ ನೇಣು ಪತ್ರಿಕೆಯ ಸಾಲಾಗಿ ಉಳಿಯುವುದಿಲ್ಲ. ನೆರೆಮನೆಯ ಮಕ್ಕಳ ಸಾವಾಗಿ ತಟ್ಟುತ್ತದೆ.

ಸಾರಾ ಅಬೂಬಕ್ಕರ್ ಅವರದು ಇದಕ್ಕೆ ವಿರುದ್ಧ ದಿಕ್ಕಿನ ನಡಿಗೆ. ಕಾಸರಗೋಡಿನಲ್ಲಿ ಹುಟ್ಟಿ ಅಲ್ಲಿಯ ಕನ್ನಡ ಶಾಲೆಯಲ್ಲಿ ಕಲಿತ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ಈ ಸಂಗತಿ ಗಮನಾರ್ಹ. ರಾಜಕೀಯದ ಬಿಸಿ ಸುದ್ದಿಗಳ ಪಕ್ಕದಲ್ಲೇ ನಾದಿರಾ ಎಂಬ ಹೆಣ್ಣುಮಗಳ ಮನೆಯ ಕತೆ ವಾರವಾರವೂ ಓದುಗರ ಕೈಸೇರುತ್ತಿತ್ತು. ತಂದೆಯ ಹಟ, ತಾಯಿಯ ಅಸಹಾಯಕತೆ, ಗಂಡ ರಶೀದನಿಂದ ಬಲವಂತದ ಅಗಲಿಕೆ, ಇವೆಲ್ಲ ನಾಲ್ಕು ಗೋಡೆಗಳೊಳಗಿನ ವಿಷಯಗಳು. ಆಗ ಅವು ಯಾರಿಗೂ ಸುದ್ದಿಯಾಗಿರಲಿಲ್ಲ. 1985ರಲ್ಲಿ ಶಾಬಾನು ಪ್ರಕರಣದ ತೀರ್ಪು ಹೊರಬಿದ್ದಾಗ ವಿಚ್ಛೇದಿತೆಯ ಬದುಕು ದೇಶದ ಮುಖಪುಟಕ್ಕೆ ಏರಿತು. ಅದಕ್ಕೆ ನಾಲ್ಕು ವರ್ಷ ಮೊದಲೇ ಕನ್ನಡದ ಓದುಗರಿಗೆ ಆ ಬದುಕಿನ ಪರಿಚಯವಾಗಿತ್ತು.

ಕಾದಂಬರಿಯಲ್ಲಿ ದೋಷಗಳಿಲ್ಲವೆಂದಲ್ಲ. ಕೆಲವೆಡೆ ಪಾತ್ರಗಳ ಅಳಲಿಗಿಂತ ಲೇಖಕಿಯ ವಾದವೇ ಮುಂದಾಗುತ್ತದೆ. ಆದರೂ ಕೃತಿ ನಿಲ್ಲುವುದು ವಾದದಿಂದಲ್ಲ. ಮಗಳ ಬಾಳನ್ನು ತಂದೆ ತೀರ್ಮಾನಿಸುತ್ತಿರುವಾಗ ಏನೂ ಹೇಳಲಾರದೆ ನಿಂತ ತಾಯಿಯ ಮೌನದಿಂದ. ಯಾವ ತೀರ್ಪಿನ ವರದಿಯಲ್ಲೂ ಆ ಮೌನಕ್ಕೆ ಜಾಗವಿರುವುದಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ದಾರಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಪಾಡು ನ್ಯಾಯಾಲಯದವರೆಗೂ ಹೋಯಿತು. ಅನಂತರ ಬಂದ ನಮ್ಮ ಕವಿತೆಗಳಲ್ಲಿ ‘ಕರುಳಬಳ್ಳಿ ಕಡಿಯಿತು’ ಎಂಬಂಥ ಮಾತುಗಳನ್ನು ಬಹಳ ಓದಿದೆ. ನನ್ನದೂ ಒಂದಿತ್ತು. ಈಗ ಅದನ್ನು ಓದಿದರೆ ಸಂಕೋಚವಾಗುತ್ತದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದು ಇಷ್ಟೆ: ಅತ್ತೆಯವರು ಊಟದ ಬಳಿಕ ರಕ್ತದೊತ್ತಡದ ಮಾತ್ರೆಗಳನ್ನು ಮಡಿಲಲ್ಲಿ ಸುರಿದುಕೊಂಡು ಎಣಿಸುತ್ತಿದ್ದರು. ಹನ್ನೊಂದು ಉಳಿದಾಗ ದಿನಕ್ಕೊಂದರ ಬದಲು ದಿನ ಬಿಟ್ಟು ದಿನ ನುಂಗತೊಡಗಿದರು, ನಮಗೆ ಹೇಳಲಿಲ್ಲ. ದೂರದರ್ಶನದಲ್ಲಿ ಗಡಿಯ ಸುದ್ದಿ ಬರುತ್ತಿದ್ದಾಗ ಅವರು ಹಲಸಿನ ಬೀಜ ಸುಲಿಯುತ್ತಿದ್ದರು. ನನ್ನ ಕವಿತೆಯಲ್ಲಿ ಗಡಿಯಿತ್ತು, ತಾಯ್ನುಡಿಯಿತ್ತು, ಕಣ್ಣೀರಿತ್ತು, ಹನ್ನೊಂದು ಮಾತ್ರೆಗಳಿರಲಿಲ್ಲ. ಅಂಥ ಕವಿತೆಯನ್ನು ಗಡಿಯಿಂದ ನೂರು ಹರದಾರಿ ದೂರವಿರುವವರೂ ಬರೆಯಬಹುದಿತ್ತು.

ಇದರಿಂದ ಹೋರಾಟದ ಬರಹ ಬೇಡವೆಂದು ಅರ್ಥವಲ್ಲ. ಮನವಿ, ಠರಾವು, ವರದಿಗಳಿಗೆ ಅವುಗಳದೇ ಕೆಲಸವಿದೆ. ಸಾಹಿತ್ಯವೂ ಅದನ್ನೇ ಮಾಡಹೊರಟರೆ ಎರಡೂ ಸೊರಗುತ್ತವೆ. ಭಾಷೆಯ ಪ್ರಶ್ನೆಯೂ ಹಾಗೆಯೇ. ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ತುಳು ಅಥವಾ ಹವ್ಯಕ ನುಡಿ, ಓದಿಗೆ ಕನ್ನಡ, ಹೀಗೆ ಬೆಳೆಯುವ ಮಗು ಸಂಜೆ ಪಾಠ ಬರೆಯುತ್ತ ಯಾವ ಪದದ ಬಳಿ ತಡವರಿಸುತ್ತದೆ ಎಂಬುದನ್ನು ಒಬ್ಬ ತಾಯಿ ಬರೆದಿಟ್ಟರೆ, ಕಾನೂನಿನ ಸುದ್ದಿ ಹಳೆಯದಾದ ಮೇಲೂ ಅದು ಉಳಿಯುತ್ತದೆ.

ಆದುದರಿಂದ ಸಂಘದ ಸದಸ್ಯರಲ್ಲಿ, ವಿಶೇಷವಾಗಿ ಹಿರಿಯ ಹೆಣ್ಣುಮಕ್ಕಳಲ್ಲಿ, ನನ್ನದೊಂದು ಬಿನ್ನಹ. ಮುಂದಿನ ಸಂಚಿಕೆಗೆ ತಮ್ಮ ಮನೆಯ ಒಂದು ದಿನವನ್ನು ಬರೆದು ಕಳುಹಿಸಿರಿ. ಅಂದಿನ ಸುದ್ದಿ ಏನಿತ್ತೆಂದು ಒಂದು ಸಾಲು ಸಾಕು. ಉಳಿದ ಪುಟವೆಲ್ಲ ಮನೆಗಿರಲಿ.