ಗೆರೆಯಂಚಿನ ಬಾಬು ಮಣಿ

ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಕೇರಳದ ಲಾರಿಗಳು ಬರುತ್ತವೆ. ವಿಶ್ವಕಪ್ ಬಂತೆಂದರೆ ಟೊಮೆಟೊ ದರದ ಜೊತೆಗೆ ಅರ್ಜೆಂಟೀನಾದ ಮಾತೂ ಇಳಿಯುತ್ತದೆ. ಬಂಡೀಪುರದ ಕಾಡು ದಾಟಿದರೆ ಫುಟ್‌ಬಾಲ್ ಹಬ್ಬ. ಈಚೆ ಬದಿಯಲ್ಲಿ ಕ್ರಿಕೆಟ್. ಆದರೂ ಟೀ ಅಂಗಡಿಯ ಮುಂದಿನ ನಮ್ಮ ಹುಡುಗರಿಗೆ ಮೆಸ್ಸಿ ಗೊತ್ತು. 1984ರ ನೆಹರೂ ಕಪ್‌ನಲ್ಲಿ ಅದೇ ಅರ್ಜೆಂಟೀನಾದ ಎದುರು ಭಾರತದ ಅಂಗಿ ತೊಟ್ಟು ಮೊದಲ ಪಂದ್ಯ ಆಡಿದ ಬೆಂಗಳೂರಿನ ಬಾಬು ಮಣಿ ಮಾತ್ರ ಗೊತ್ತಿಲ್ಲ.

ಮಣಿ ಮೈದಾನದ ಅಂಚಿನಲ್ಲಿ ಓಡುವ ವಿಂಗರ್. ಆ ಜಾಗವೇ ವಿಚಿತ್ರ. ಹನ್ನೊಂದು ಜನರಲ್ಲಿ ಪ್ರೇಕ್ಷಕರಿಗೆ ತೀರಾ ಹತ್ತಿರ ಓಡುವವನು ಅವನೇ. ಗೆರೆಯ ಪಕ್ಕ ಅವನ ಉಸಿರು ಗ್ಯಾಲರಿಗೆ ಕೇಳಿಸಬೇಕು, ಗ್ಯಾಲರಿಯ ಬೈಗುಳ ಅವನಿಗೆ ಕೇಳಿಸಬೇಕು. ಗೋಲು ಹೊಡೆಯುವವನನ್ನು ಅಂಕಿಪಟ್ಟಿ ನೆನಪಿಡುತ್ತದೆ. ಡಿಫೆಂಡರ್‌ನನ್ನು ದಾಟಿ ಚೆಂಡನ್ನು ಒಳಕ್ಕೆ ಕಳಿಸಿದವನನ್ನು ನೆನಪಿಡುವುದು ಜನ ಮಾತ್ರ. ಹಾಗಾಗಿ ಜನವಿಲ್ಲದ ಊರಿನಲ್ಲಿ ವಿಂಗರ್‌ಗೆ ಹೆಸರಿಲ್ಲ.

ಆ ಜನ ಮಣಿಯವರಿಗೆ ಸಿಕ್ಕಿದ್ದು ಕಲ್ಕತ್ತೆಯಲ್ಲಿ. ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮೂರಕ್ಕೂ ಆಡಿದರು. ಒಂದು ಕ್ಲಬ್ಬಿನ ಅಭಿಮಾನಿ ಇನ್ನೊಂದರ ಆಟಗಾರನನ್ನು ಮನೆಗೆ ಕರೆಯಲೂ ಹಿಂಜರಿಯುವ ಊರದು! ಬೆಂಗಳೂರಿನಿಂದ ಆ ದಾರಿ ಹಿಡಿದವರಲ್ಲಿ ಅವರೇ ಮೊದಲಿಗರಲ್ಲ. ಅಹ್ಮದ್ ಖಾನ್, ಅರುಮೈನಾಯಗಂ ಮುಂಚೆಯೇ ಹೋಗಿದ್ದರು.

ಹೊಗಳಿಕೆಗೂ ಲೆಕ್ಕ ಬೇಕು. ಭಾರತಕ್ಕಾಗಿ 55 ಪಂದ್ಯ, 1985 ಮತ್ತು 1987ರ ಸ್ಯಾಫ್ ಕ್ರೀಡಾಕೂಟಗಳ ಚಿನ್ನ ಅವರ ಖಾತೆಯಲ್ಲಿವೆ. ಆದರೆ ನೆರೆಹೊರೆಯ ದೇಶಗಳ ನಡುವೆ ಗೆದ್ದ ಚಿನ್ನವನ್ನು ಏಷ್ಯಾದ ತಕ್ಕಡಿಯಲ್ಲಿ ತೂಗಲಾಗದು. 1984ರ ಕೊನೆಗೆ ಸಿಂಗಪುರದಲ್ಲಿ ನಡೆದ ಏಷ್ಯನ್ ಕಪ್‌ಗೆ ಹೋದ ತಂಡದಲ್ಲಿ ಅವರಿದ್ದರು. ಆ ತಂಡ ನಾಲ್ಕು ಪಂದ್ಯಗಳಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ. ಇರಾನ್ ಜೊತೆಗಿನ 0–0 ಒಂದೇ ಸಮಾಧಾನ. ಬದಿಯಿಂದ ಎಷ್ಟು ಚೆಂಡು ಬಂದರೇನು, ಒಳಗೆ ತಳ್ಳುವವರು ಬೇಕಲ್ಲ! ಭಾರತದ ಫುಟ್‌ಬಾಲ್ ಇಳಿಜಾರಿನಲ್ಲಿದ್ದ ಕಾಲ ಅದು. ಮಣಿ ಆ ಇಳಿಜಾರನ್ನು ತಡೆದವರಲ್ಲ, ಅದರಲ್ಲೂ ನೋಡುವಂತೆ ಓಡಿದವರು. ಕಲ್ಕತ್ತೆ ಅವರನ್ನು ಸ್ವಲ್ಪ ಹೆಚ್ಚೇ ಮೆರೆಸಿರಬಹುದು. ನಾವು ಮೆರೆಸದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನೇ ನೋಡಿ. ಮೈಸೂರು ರಾಜ್ಯದ ಹೆಸರಿನಲ್ಲಿ ನಾವು ಅದನ್ನು ಕೊನೆಯ ಸಲ ಗೆದ್ದದ್ದು 1968–69ರಲ್ಲಿ. ಮಣಿ 1986 ಮತ್ತು 1988ರಲ್ಲಿ ಗೆದ್ದರು, ಬಂಗಾಳದ ಪರವಾಗಿ. 2022ರ ನವೆಂಬರ್ 19ರಂದು, 59ನೇ ವಯಸ್ಸಿನಲ್ಲಿ, ಕೋಲ್ಕತ್ತದಲ್ಲೇ ತೀರಿಕೊಂಡರು. ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಆ ಟ್ರೋಫಿಯನ್ನು ಮತ್ತೆ ಎತ್ತಿದ್ದು 2023ರ ಮಾರ್ಚ್ 4ರಂದು.